ಡಾವ್ರೋಸ್: ಮುಖ ಕಾಣದ ಖಳನ ಕಂಠ

ಬ್ರಿಟನ್ನಿನ ಬಿಗ್ ಫಿನಿಶ್ ಸಂಸ್ಥೆ 2006ರಲ್ಲಿ ಸಿ.ಡಿ. ರೂಪದಲ್ಲಿ ಹೊರತಂದ ‘ಐ, ಡಾವ್ರೋಸ್’ ನಾಲ್ಕು ಭಾಗಗಳ ಧ್ವನಿನಾಟಕ. ದೃಶ್ಯದ ನೆರವಿಲ್ಲದೆ ಮಾತು, ಸದ್ದು, ಸಂಗೀತಗಳಿಂದಲೇ ಕಟ್ಟಿದ ಈ ಕೃತಿಯ ಕೇಂದ್ರದಲ್ಲಿರುವವನು ಬಿಬಿಸಿಯ ‘ಡಾಕ್ಟರ್ ಹೂ’ ಟಿ.ವಿ. ಸರಣಿಯ ಕಡುಕ್ರೂರ ಖಳರಲ್ಲೊಬ್ಬ. ಕಾಲದೇಶಗಳನ್ನು ದಾಟಿ ಅಲೆಯುವ ‘ಡಾಕ್ಟರ್’ ಎಂಬ ಪಾತ್ರದ ಸುತ್ತ 1963ರಿಂದ ಬೆಳೆದು ಬಂದ ಆ ಸರಣಿಯಲ್ಲಿ ಡಾಲೆಕ್‌ಗಳೆಂದರೆ ಲೋಹದ ಕವಚದೊಳಗೆ ಅಡಗಿ, ತಮ್ಮಂತಲ್ಲದ ಜೀವವನ್ನೆಲ್ಲ ಅಳಿಸಲು ಹೊರಟ ವಿಕೃತ ಜೀವಿಗಳು. ಅವನ್ನು ಸೃಷ್ಟಿಸಿದ ವಿಜ್ಞಾನಿಯೇ ಡಾವ್ರೋಸ್. ನಾಯಕನಾದ ಡಾಕ್ಟರ್ ಈ ನಾಟಕದಲ್ಲಿ ಕಾಲಿಡುವುದೇ ಇಲ್ಲವಾದ್ದರಿಂದ, ಕೇಳುಗನಿಗೆ ಖಳನ ಸಂಗ ಬಿಟ್ಟು ಬೇರೆ ಆಸರೆಯಿಲ್ಲ.

ಡಾವ್ರೋಸ್ ಮೊದಲು ಕಾಣಿಸಿಕೊಂಡದ್ದು 1975ರ ‘ಜೆನೆಸಿಸ್ ಆಫ್ ದ ಡಾಲೆಕ್ಸ್’ ಎಂಬ ಆರು ಕಂತುಗಳ ಕಥೆಯಲ್ಲಿ. ಅದನ್ನು ಬರೆದ ಟೆರಿ ನೇಷನ್ ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗಳ ನಡುವೆ ಕಾರ್ಡಿಫ್‌ನಲ್ಲಿ ಬೆಳೆದವನು. ನಾಜಿಗಳ ನೆರಳು ಅವನ ಡಾಲೆಕ್‌ಗಳ ಮೇಲೂ ಅವುಗಳ ಜನಕನ ಸುತ್ತಲಿನ ಕಪ್ಪು ಸಮವಸ್ತ್ರಗಳ ಮೇಲೂ ಎದ್ದು ಕಾಣುತ್ತದೆ. ಆ ಪಾತ್ರ ವಹಿಸಿದ ಮೈಕೆಲ್ ವಿಶರ್, ಜಾನ್ ಫ್ರೀಡ್‌ಲ್ಯಾಂಡರ್ ತಯಾರಿಸಿದ ಮುಖವಾಡದ ಹಿಂದೆ ಕಣ್ಣು, ಹುಬ್ಬುಗಳ ಅಭಿನಯಕ್ಕೆ ಎಡೆಯಿರದು ಎಂದರಿತು, ತಾಲೀಮಿನಲ್ಲಿ ತಲೆಗೆ ಕಾಗದದ ಚೀಲ ಹಾಕಿಕೊಂಡೇ ಮಾತು ಒಪ್ಪಿಸುತ್ತಿದ್ದನಂತೆ. ಎಂದರೆ ಈ ಪಾತ್ರ ಹುಟ್ಟಿನಿಂದಲೇ ಅರ್ಧಕ್ಕಿಂತ ಹೆಚ್ಚು ಧ್ವನಿನಾಟಕದ್ದು. ಅದೇ ಕಥೆಯನ್ನು ಬಿಬಿಸಿ 1979ರಲ್ಲಿ ಸಂಕ್ಷೇಪಿಸಿ ಗ್ರಾಮಫೋನ್ ತಟ್ಟೆಯಾಗಿ ಮಾರಿದಾಗಲೂ ಅದರ ಬಿಗಿ ಸಡಿಲಲಿಲ್ಲ.

ಡಾಲೆಕ್‌ಗಳ ಕೀರಲು ಲೋಹಧ್ವನಿಯೂ ಡಾವ್ರೋಸ್‌ನ ಗೊಗ್ಗರು ಕಂಠವೂ ರಿಂಗ್ ಮಾಡ್ಯುಲೇಟರ್ ಎಂಬ ಒಂದೇ ಉಪಕರಣದ ಮಕ್ಕಳು. ಎರಡು ವಿದ್ಯುತ್ ಸಂಕೇತಗಳನ್ನು ಗುಣಿಸಿ, ಅವುಗಳ ಕಂಪನಾಂಕಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಮಾತ್ರ ಹೊರಬಿಡುವ ಮಂಡಲ ಇದು. ನಟನ ದನಿಯಲ್ಲಿ ಸೆಕೆಂಡಿಗೆ 200 ಕಂಪನಗಳ ಸ್ವರವಿದ್ದು, ಅದಕ್ಕೆ 30 ಕಂಪನಗಳ ಸಂಕೇತ ಸೇರಿದರೆ ಹೊರಬರುವುದು 170 ಮತ್ತು 230. ಮೂಲದ 200 ಮಾಯವಾಗಿರುತ್ತದೆ. ಅದರ ಮೇಲಿನ 400 ಕಂಪನಗಳ ಉಪಸ್ವರವು 370 ಮತ್ತು 430 ಆಗಿ ಒಡೆಯುತ್ತದೆ. ಮನುಷ್ಯಕಂಠದ ಉಪಸ್ವರಗಳು ಮೂಲಸ್ವರದ ಸರಿಯಾದ ಗುಣಕಗಳಾಗಿರುವುದರಿಂದಲೇ ಕಿವಿಗೆ ಹಿತವೆನಿಸುತ್ತವೆಯಷ್ಟೆ. ಆ ನಂಟು ಕಡಿದಾಗ ಮಾತು ಅರ್ಥವಾಗುತ್ತಲೇ ಇದ್ದರೂ ಅದು ಮನುಷ್ಯನದೆಂದು ಕಿವಿ ಒಪ್ಪುವುದಿಲ್ಲ.

2006ರ ನಾಟಕ ತನ್ನ ಪರಿಣಾಮವನ್ನೆಲ್ಲ ಕಟ್ಟಿರುವುದು ಈ ಯಂತ್ರದ ಮೇಲಲ್ಲ, ಅದು ಇಲ್ಲದಿರುವುದರ ಮೇಲೆ. ಡಾಲೆಕ್‌ಗಳ ಎದುರು ವಿಚಾರಣೆಗೆ ನಿಂತ ಮುದಿ ಡಾವ್ರೋಸ್ ಒಡೆದ ಕಂಠದಲ್ಲಿ ತನ್ನ ಕಥೆ ತೆಗೆಯುತ್ತಾನೆ. ಮರುಗಳಿಗೆಯಲ್ಲಿ ಹದಿಹರೆಯದ ಹುಡುಗನ ತಿಳಿಯಾದ, ಕುತೂಹಲ ತುಂಬಿದ ದನಿ ಕೇಳುತ್ತದೆ. ಬಾಲಕನ ಪಾತ್ರ ರೋರಿ ಜೆನಿಂಗ್ಸ್‌ನದು. ಬೆಳೆದವನ ಪಾತ್ರ ಟೆರಿ ಮಾಲಾಯ್‌ನದು. 1984ರಿಂದ ಟಿ.ವಿ.ಯಲ್ಲೂ ಡಾವ್ರೋಸ್ ಆಗಿದ್ದ ಈ ನಟ, ಬಿಬಿಸಿ ರೇಡಿಯೋದ ಹಳ್ಳಿ ಬದುಕಿನ ಧಾರಾವಾಹಿ ‘ದ ಆರ್ಚರ್ಸ್’ನಲ್ಲಿ 1970ರ ದಶಕದಿಂದ ಹಾಲಿನ ವ್ಯವಹಾರದ ಮೈಕ್ ಟಕರ್ ಆಗಿ ಮನೆಮಾತಾದವನು ಎಂಬುದು ಸೋಜಿಗದ ಸಂಗತಿ. ಮೈಕಿನ ಹತ್ತಿರ ನಿಂತು ಗಟ್ಟಿಯಾಗಿ ಕೂಗದೆಯೂ ಬೆದರಿಸಬಲ್ಲ ಕಲೆ ಅಂಥ ದೀರ್ಘ ಸಾಧನೆಯಿಂದ ಬಂದದ್ದು. ಅವನ ಡಾವ್ರೋಸ್ ಅಬ್ಬರಿಸುವುದಕ್ಕಿಂತ ಹೆಚ್ಚು ವಾದಿಸುತ್ತಾನೆ, ಪ್ರತಿ ಹೆಜ್ಜೆಗೂ ಒಂದು ಕಾರಣ ಕೊಡುತ್ತಾನೆ. ಕೇಳುಗ ಒಂದೆರಡು ಹೆಜ್ಜೆ ತಲೆದೂಗಿಕೊಂಡೇ ಹಿಂಬಾಲಿಸಿ, ಆಮೇಲೆ ಬೆಚ್ಚಿಬೀಳುತ್ತಾನೆ.

ಈ ನಿರೂಪಣೆಗೆ ಇನ್ನೊಂದು ಮಹತ್ವವಿದೆ. ಸುಟ್ಟ ಮುಖ, ಒಂದೇ ಕೈ, ಡಾಲೆಕ್‌ನ ಕೆಳಭಾಗವನ್ನು ಹೋಲುವ ಗಾಲಿಕುರ್ಚಿ — ಈ ರೂಪವು ಅಂಗವೈಕಲ್ಯವನ್ನು ದುಷ್ಟತನದೊಡನೆ ಗಂಟುಹಾಕುತ್ತದೆಂಬ ಕಾರಣಕ್ಕೆ, 2023ರ ನವೆಂಬರ್‌ನಲ್ಲಿ ಮಕ್ಕಳ ನೆರವಿಗಾಗಿ ಪ್ರಸಾರವಾದ ಕಿರುದೃಶ್ಯವೊಂದರಲ್ಲಿ ನಿರ್ಮಾಪಕ ರಸೆಲ್ ಟಿ. ಡೇವಿಸ್, ಡಾವ್ರೋಸ್‌ನನ್ನು ಗಾಯಗಳಿಲ್ಲದೆ, ಕಾಲ ಮೇಲೆ ನಿಂತವನಾಗಿ ತೋರಿಸಿದ. ಅಭಿಮಾನಿಗಳಲ್ಲಿ ದೊಡ್ಡ ವಾಗ್ವಾದವೇ ಎದ್ದಿತು. ಧ್ವನಿನಾಟಕವಾದರೋ ಹದಿನೇಳು ವರ್ಷ ಮೊದಲೇ, ಸದ್ದಿಲ್ಲದೆ, ಇದಕ್ಕಿಂತ ತೂಕದ ಉತ್ತರ ಕೊಟ್ಟಿತ್ತು. ಶತ್ರುಗಳ ಶೆಲ್ ಬಿದ್ದು ಅವನ ದೇಹ ಛಿದ್ರವಾಗುವುದು ಮೂರನೆಯ ಭಾಗದಲ್ಲಿ. ಅಷ್ಟರೊಳಗೆ, ಎರಡು ಕಾಲಲ್ಲಿ ನಡೆದಾಡುತ್ತಿದ್ದ ಆ ಸುಂದರ ಕಂಠದ ಮನುಷ್ಯ ಒಳಗೊಳಗೇ ಕೊಳೆತು ಮುಗಿದಿರುತ್ತಾನೆ. ರನ್ನನ ದುರ್ಯೋಧನನಿಗೆ ಮರುಗಿ ಅಭ್ಯಾಸವಿರುವ ಕನ್ನಡದ ಕೇಳುಗ ಇಲ್ಲಿಯೂ ಅಂಥ ಮರುಕ ಹುಡುಕಿದರೆ ಬರಿಗೈ. ಗಾಯ ಡಾವ್ರೋಸ್‌ನನ್ನು ಕೆಡಿಸಲೂ ಇಲ್ಲ, ದೊಡ್ಡವನನ್ನಾಗಿಸಲೂ ಇಲ್ಲ.

ಆದರೆ ಒಂದು ಹಳೆಯ ಜಾಡನ್ನು ಬಿಟ್ಟ ನಾಟಕ ಇನ್ನೊಂದಕ್ಕೆ ಬಿದ್ದಿದೆ. ರಾಬರ್ಟ್ ಗ್ರೇವ್ಸ್‌ನ ‘ಐ, ಕ್ಲಾಡಿಯಸ್’ ಕಾದಂಬರಿಯ ನೆನಪನ್ನು ಶೀರ್ಷಿಕೆಯಲ್ಲೇ ಹೊತ್ತ ಈ ಕೃತಿ, ಅಲ್ಲಿನ ರೋಮನ್ ರಾಜಮಾತೆ ಲಿವಿಯಾಳಂಥ ಕುಟಿಲೆಯನ್ನು ಡಾವ್ರೋಸ್‌ನ ತಾಯಿ ಕ್ಯಾಲ್ಕ್ಯುಲಾಳಲ್ಲಿ ಕಡೆದಿದೆ. ಕ್ಯಾರೊಲಿನ್ ಜೋನ್ಸ್‌ಳ ಅಭಿನಯ ಸೊಗಸಾಗಿದೆ, ನಿಜ. ಆದರೂ ಮಗನ ಪಾಪದ ಲೆಕ್ಕವನ್ನು ತಾಯಿಯ ಖಾತೆಗೆ ಬರೆಯುವ ಈ ಸಲೀಸು ಜಾಣ್ಮೆ ಖಳನ ಹೊಣೆಯನ್ನೇ ಹಗುರಮಾಡುತ್ತದೆ. ಈ ವಿಷಯದಲ್ಲಿ, ಲಾನ್ಸ್ ಪಾರ್ಕಿನ್ ಬರೆದ, ಅದೇ ಸಂಸ್ಥೆಯ 2003ರ ‘ಡಾವ್ರೋಸ್’ ನಾಟಕ ಹೆಚ್ಚು ನಿಷ್ಠುರವಾದದ್ದು. ಅಲ್ಲಿ ಶಾನ್ ಎಂಬ ಸಹೋದ್ಯೋಗಿ ವಿಜ್ಞಾನಿಯ ಮೇಲೆ ದೇಶದ್ರೋಹದ ಸುಳ್ಳು ಆರೋಪ ಹೊರಿಸಿ ಅವಳನ್ನು ಗಲ್ಲಿಗೇರಿಸುವವನು ಡಾವ್ರೋಸ್‌ನೇ. ಡಾಲೆಕ್ ಕಲ್ಪನೆಯ ಬೀಜವೂ ಅವಳದೇ ಆಗಿತ್ತು. ಎರಡನ್ನೂ ಕೇಳಲಿರುವವರು ಈ ಹಳೆಯದರಿಂದ ತೊಡಗುವುದು ಲೇಸು. ತಾಯಿಯನ್ನು ದೂರುವ ಮುನ್ನ ಮಗನ ಕೈಯ ಪರಿಚಯ ಆಗಿರುತ್ತದೆ.