ನಿಮ್ಮ ಕೈಗೆ ಒಗ್ಗುವ ರ‍್ಯಾಕೆಟ್ ಯಾವುದು?

ನಾನು ಕೆಲಸ ಮಾಡುವ ಪುಣೆಗೂ ಬ್ಯಾಡ್ಮಿಂಟನ್‌ಗೂ ಹಳೆಯ ನಂಟಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ದಂಡಿನಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಈ ಆಟ ಆಡುತ್ತಿದ್ದಾಗ ಅದನ್ನು ‘ಪೂನಾ’ ಎಂದೇ ಕರೆಯುತ್ತಿದ್ದರು. ಇಂಗ್ಲೆಂಡಿನ ಬ್ಯಾಡ್ಮಿಂಟನ್ ಹೌಸ್ ಎಂಬ ಬಂಗಲೆಯ ಹೆಸರು ಅದಕ್ಕೆ ಅಂಟಿಕೊಂಡದ್ದು ಆಮೇಲೆ. ಈಗ ಊರ ತುಂಬ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕೋರ್ಟ್‌ಗಳಿವೆ. ಸಂಜೆ ಏಳರ ಮೇಲೆ ಹೋದರೆ ಮರಾಠಿ, ಹಿಂದಿಯ ಜೊತೆಗೆ ಒಂದೆರಡು ಕೋರ್ಟಿನಲ್ಲಾದರೂ ‘ಬಿಡ್ರೀ, ನಂದು ನಂದು!’ ಅನ್ನುವ ಕೂಗು ಕೇಳಿಸುತ್ತದೆ.

ಅಲ್ಲಿಗೆ ಹೊಸದಾಗಿ ಬರುವ ಪ್ರತಿಯೊಬ್ಬರದೂ ಒಂದೇ ಪ್ರಶ್ನೆ: ‘ಯಾವ ರ‍್ಯಾಕೆಟ್ ತಗೊಳ್ಳಲಿ ಸರ್?’ ಅದಕ್ಕೆ ನನ್ನ ಮರುಪ್ರಶ್ನೆ, ‘ನೀವು ಎಂಥ ಆಟ ಆಡ್ತೀರಿ?’

1980ರ ಆಲ್ ಇಂಗ್ಲೆಂಡ್ ಫೈನಲ್ ನೆನಪಿಸಿಕೊಳ್ಳಿ. ಒಂದು ಕಡೆ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷವೂ ಗೆದ್ದವರು, ನೆಗೆದು ಹೊಡೆಯುವ ಸ್ಮ್ಯಾಷ್‌ಗೆ ಹೆಸರಾದವರು. ಇನ್ನೊಂದು ಕಡೆ ನಮ್ಮ ಪ್ರಕಾಶ್ ಪಡುಕೋಣೆ. ಅವರ ಬಲವಿದ್ದದ್ದು ಮಣಿಕಟ್ಟಿನಲ್ಲಿ: ಅರ್ಧ ಸ್ಮ್ಯಾಷ್, ಡ್ರಾಪ್, ಎದುರಾಳಿಯನ್ನು ಕೊನೇ ಗಳಿಗೆಯಲ್ಲಿ ತಪ್ಪು ದಿಕ್ಕಿಗೆ ಓಡಿಸುವ ಚಾಕಚಕ್ಯ. ಪ್ರಕಾಶ್ 15-3, 15-10ರಲ್ಲಿ ಗೆದ್ದರು. ಇಬ್ಬರೂ ದೊಡ್ಡ ಆಟಗಾರರು, ಆದರೆ ಇಬ್ಬರ ಆಟವೇ ಬೇರೆ. ನಮ್ಮ ನಿಮ್ಮ ನಡುವೆಯೂ ಅಷ್ಟೇ ವ್ಯತ್ಯಾಸವಿರುತ್ತದೆ. ರ‍್ಯಾಕೆಟ್ ಆರಿಸುವಾಗ ಮೊದಲು ನೋಡಬೇಕಾದ್ದು ಅದನ್ನು.

ಇನ್ನು ರ‍್ಯಾಕೆಟ್ ಮೇಲಿನ ಬರಹ. ಹಿಡಿಕೆಯ ಹತ್ತಿರ 3ಯು, 4ಯು, 5ಯು ಎಂದು ಇರುತ್ತದೆ. ಅದು ತೂಕ. 3ಯು ಎಂದರೆ 85ರಿಂದ 89 ಗ್ರಾಂ, 4ಯು ಎಂದರೆ 80ರಿಂದ 84, 5ಯು 75ರಿಂದ 79. ಸಂಖ್ಯೆ ಏರಿದಂತೆ ತೂಕ ಇಳಿಯುತ್ತದೆ. ವಾರಕ್ಕೆರಡು ದಿನ ಡಬಲ್ಸ್ ಆಡುವ ಹೆಚ್ಚಿನವರಿಗೆ 4ಯು ಸಾಕು.

ತೂಕಕ್ಕಿಂತ ಮುಖ್ಯವಾದದ್ದು ಆ ತೂಕ ಎಲ್ಲಿದೆ ಎಂಬುದು. ರ‍್ಯಾಕೆಟ್ಟನ್ನು ಅಡ್ಡಲಾಗಿ ಒಂದು ಬೆರಳ ಮೇಲೆ ನಿಲ್ಲಿಸಿ, ಸಮತೋಲ ಸಿಗುವ ಜಾಗಕ್ಕೂ ಹಿಡಿಕೆಯ ಬುಡಕ್ಕೂ ಇರುವ ದೂರ ಅಳೆಯಿರಿ. ಸುಮಾರು 285ರಿಂದ 295 ಮಿಲಿಮೀಟರ್ ಇದ್ದರೆ ಸಮತೂಕದ್ದು. ಅದಕ್ಕಿಂತ ಹೆಚ್ಚಿದ್ದರೆ ತಲೆಭಾರದ್ದು, ಅಂದರೆ ಹೆಡ್ ಹೆವಿ. ಕಡಿಮೆಯಿದ್ದರೆ ಹೆಡ್ ಲೈಟ್. ತಲೆಭಾರದ ರ‍್ಯಾಕೆಟ್ ಹಿಂದಿನಿಂದ ಸ್ಮ್ಯಾಷ್ ಹೊಡೆಯುವವರಿಗೆ ಬಲ ಕೊಡುತ್ತದೆ, ಆದರೆ ಭುಜವನ್ನು ಬೇಗ ದಣಿಸುತ್ತದೆ. ಹೆಡ್ ಲೈಟ್ ರ‍್ಯಾಕೆಟ್ ನೆಟ್ ಹತ್ತಿರ ಚಕಚಕನೆ ತಿರುಗುತ್ತದೆ. ಡಬಲ್ಸ್‌ನಲ್ಲಿ ಮುಂದೆ ನಿಲ್ಲುವವರಿಗೆ, ಎದುರಿನ ಸ್ಮ್ಯಾಷ್ ತಡೆಯುವವರಿಗೆ ಅದು ಒಳ್ಳೆಯದು. ಯೋನೆಕ್ಸ್‌ನ ಹೆಸರುಗಳಲ್ಲೇ ಹೇಳುವುದಾದರೆ ಆಸ್ಟ್ರಾಕ್ಸ್ ಸರಣಿ ತಲೆಭಾರದ ಕಡೆ, ನ್ಯಾನೋಫ್ಲೇರ್ ಹಗುರದ ಕಡೆ, ಆರ್ಕ್‌ಸೇಬರ್ ನಡುವೆ.

ಮೂರನೆಯದು ಶಾಫ್ಟ್. ತೋಳು ಬಲು ವೇಗವಾಗಿ ಬೀಸುವವರಿಗೆ ಬಿರುಸಾದ ಶಾಫ್ಟ್ ಬೇಕು. ಬೀಸು ನಿಧಾನವಿದ್ದವರಿಗೆ ಬಾಗುವ ಶಾಫ್ಟ್ ಒಳ್ಳೆಯದು. ಅದು ಬಾಗಿ ಮರಳುವಾಗ ಷಟಲ್ ಅನ್ನು ತಾನೇ ಒಂದಿಷ್ಟು ದೂಡುತ್ತದೆ. ಕ್ಲಿಯರ್ ಹೊಡೆದರೆ ಷಟಲ್ ಎದುರಿನ ಕೊನೇ ಗೆರೆಯ ತನಕ ಹೋಗುತ್ತಿಲ್ಲ ಅನ್ನುವವರಿಗೆ ಬಿರುಸು ಶಾಫ್ಟ್ ಬೇಡವೇ ಬೇಡ.

ನಾಲ್ಕನೆಯದು ಗಟ್ಟಿಂಗ್. ತಂತಿ ಬಿಗಿಯಿದ್ದಷ್ಟೂ ಹೊಡೆತ ಜೋರು ಎಂದು ಬಹಳ ಮಂದಿ ನಂಬಿದ್ದಾರೆ. ವಾಸ್ತವ ತಿರುವುಮುರುವು. ಸಡಿಲ ತಂತಿ ಷಟಲ್ ಅನ್ನು ಪುಟಿಸಿ ಕಳಿಸುತ್ತದೆ, ಚೆನ್ನಾಗಿ ತಾಗುವ ಜಾಗವೂ ದೊಡ್ಡದು. ಬಿಗಿ ತಂತಿ ಹಿಡಿತ ಕೊಡುತ್ತದೆ, ಆದರೆ ಬಲವೆಲ್ಲ ನಿಮ್ಮ ತೋಳಿನಿಂದಲೇ ಬರಬೇಕು, ನಡುವಿನಲ್ಲಿ ತಾಗದಿದ್ದರೆ ಅದುರು ನೇರ ಮೊಣಕೈಗೆ. ನಮ್ಮಂಥವರಿಗೆ 22ರಿಂದ 24 ಪೌಂಡ್ ಸಾಕು. ಆಡದೆ ಇಟ್ಟರೂ ತಂತಿ ದಿನ ಕಳೆದಂತೆ ಸಡಿಲವಾಗುತ್ತದೆ ಎಂಬುದೂ ನೆನಪಿರಲಿ.

ನಮ್ಮ ಗುಂಪಿನ ಹುಬ್ಬಳ್ಳಿಯವರೊಬ್ಬರ ಕಥೆ ಇದಕ್ಕೆ ಸಾಕ್ಷಿ. ನಲವತ್ತೈದರ ಆಸುಪಾಸು. ಹೆಂಡತಿ ಮಕ್ಕಳು ಊರಲ್ಲಿ, ಇಲ್ಲಿ ಒಬ್ಬರೇ. ವಾರದಲ್ಲಿ ಅವರು ಬಾಯ್ತುಂಬ ಕನ್ನಡ ಮಾತಾಡುತ್ತಿದ್ದದ್ದು ಆ ಎರಡು ಸಂಜೆ ಕೋರ್ಟಿನಲ್ಲೇ. ಟಿವಿಯಲ್ಲಿ ನೋಡಿದ ಆಟಗಾರನ ಕೈಯಲ್ಲಿದ್ದಂಥದ್ದೇ ದುಬಾರಿ ರ‍್ಯಾಕೆಟ್ ತಂದರು: ತಲೆಭಾರ, ಬಿರುಸು ಶಾಫ್ಟ್, 28 ಪೌಂಡ್ ಗಟ್ಟಿಂಗ್. ಎರಡು ತಿಂಗಳು ತುಂಬುವುದರೊಳಗೆ ಮೊಣಕೈ ಹೊರಬದಿ ನೋವು, ಚಹಾದ ಕಪ್ಪು ಎತ್ತಿದರೂ ಚಳಕು. ‘ವಯಸ್ಸಾತ್ರೀ, ಆಟ ಬಿಟ್ಟಬಿಡ್ತೀನಿ’ ಅಂದರು. ಅಂದ ಹಾಗೇ ಒಂದು ತಿಂಗಳು ಬರಲೂ ಇಲ್ಲ. ಡಾಕ್ಟರ್ ಹೇಳಿದ ವಿಶ್ರಾಂತಿ, ವ್ಯಾಯಾಮ ಎಲ್ಲ ಆಯಿತು. ಆಮೇಲೆ ಗುಂಪಿನವರೊಬ್ಬರು ತಮ್ಮ ಹಳೆಯ ರ‍್ಯಾಕೆಟ್ ಕೊಟ್ಟರು. 4ಯು, ಸಮತೂಕ, ಬಾಗುವ ಶಾಫ್ಟ್, 23 ಪೌಂಡ್. ಮೊದಲ ದಿನ ಹತ್ತೇ ನಿಮಿಷ ಆಡಿದರು. ಈಗ ಪೂರ್ತಿ ಎರಡು ಗಂಟೆ ಆಡುತ್ತಾರೆ, ಮೊದಲಿನ ಹಾಗೇ ಜೋರಾಗಿ ಜಗಳವನ್ನೂ ಆಡುತ್ತಾರೆ. ನೋವಿಗೆ ರ‍್ಯಾಕೆಟ್ ಒಂದೇ ಕಾರಣವೂ ಅಲ್ಲ, ಒಂದೇ ಮದ್ದೂ ಅಲ್ಲ. ಆದರೆ ಮೈಗೆ ಒಗ್ಗದ ರ‍್ಯಾಕೆಟ್ ಹಿಡಿದು ವಯಸ್ಸನ್ನು ಬೈದರೆ ಪ್ರಯೋಜನವಿಲ್ಲ.

2023ರಲ್ಲಿ ಸಾತ್ವಿಕ್‌ಸಾಯಿರಾಜ್ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಷ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದರು. ಆ ವೇಗ ಹುಟ್ಟಿದ್ದು ಅವರ ಎತ್ತರ, ಭುಜ, ವರ್ಷಗಟ್ಟಲೆ ಅಭ್ಯಾಸದಿಂದ. ಅಂಗಡಿಯಲ್ಲಿ ಸಿಗುವುದು ರ‍್ಯಾಕೆಟ್ ಮಾತ್ರ.

ಹಾಗಾಗಿ ಕೊಳ್ಳುವ ಮೊದಲು ಜೊತೆಯಲ್ಲಿ ಆಡುವವರ ಎರಡು ಮೂರು ರ‍್ಯಾಕೆಟ್ ಕೇಳಿ ಪಡೆದು ಆಡಿ ನೋಡಿ. ಒಂದು ಗೇಮ್ ಸಾಲದು, ಕಡೇ ಗೇಮಿನಲ್ಲಿ ತೋಳು ಸೋತಾಗ ಯಾವುದು ಹಗುರ ಅನ್ನಿಸುತ್ತದೆ ಎಂದು ಗಮನಿಸಿ. ಹಿಡಿಕೆ ಸ್ವಲ್ಪ ಸಣ್ಣದನ್ನೇ ಆರಿಸಿ. ದಪ್ಪ ಬೇಕಾದರೆ ಮೇಲೊಂದು ಗ್ರಿಪ್ ಸುತ್ತಬಹುದು, ದಪ್ಪದ್ದನ್ನು ಸಣ್ಣ ಮಾಡುವುದು ಕಷ್ಟ. ಮುಂಬೈ, ಚೆನ್ನೈನ ಸೆಕೆಯಲ್ಲಿ ಕೈ ಬೆವರಿ ಜಾರುವವರು ಟವೆಲ್ ಗ್ರಿಪ್ ಹಾಕಿಸಿಕೊಳ್ಳಿ. ಫ್ರೇಮಿನ ಮೇಲೆ ಬರೆದಿರುವ ಗರಿಷ್ಠ ಪೌಂಡ್ ದಾಟಿ ಗಟ್ಟಿಂಗ್ ಮಾಡಿಸಬೇಡಿ. ಬಜೆಟ್‌ನಲ್ಲಿ ಒಂದಿಷ್ಟು ಹಣ ಒಳ್ಳೆಯ ಗಟ್ಟಿಂಗ್‌ಗೆ, ಇನ್ನೊಂದಿಷ್ಟು ಬ್ಯಾಡ್ಮಿಂಟನ್ನಿನದೇ ಷೂಗೆ ಎತ್ತಿಡಿ. ಉಳಿದದ್ದರಲ್ಲಿ ಬರುವ ರ‍್ಯಾಕೆಟ್ ನಿಮಗೆ ಧಾರಾಳವಾಗಿ ಸಾಕು.