ಹಂದಿ ಲಾಡಿಹುಳು ಮತ್ತು ಮೂರ್ಛೆ ರೋಗ: ಗೋಣಿಬೀಡು ಭಾಗದ ತೋಟ, ಮನೆಗಳಲ್ಲಿ ವಹಿಸಬೇಕಾದ ಎಚ್ಚರ

ಮೆಣಸು ಕೊಯ್ಯಲು ಏಣಿ ಹತ್ತಿದವರಿಗೆ ಹಠಾತ್ತನೆ ಮೂರ್ಛೆ ಬಂದರೆ ಆಗುವ ಅನಾಹುತವನ್ನು ಗೋಣಿಬೀಡು ಹೋಬಳಿಯ ಕಾಫಿ ಬೆಳೆಗಾರರಿಗೆ ವಿವರಿಸಬೇಕಿಲ್ಲ. ತಲೆಗೆ ಬಿದ್ದ ಪೆಟ್ಟು, ಹೆರಿಗೆ ವೇಳೆಯ ತೊಂದರೆ, ಮಿದುಳಿನ ಸೋಂಕು ಮೊದಲಾದ ಹಲವು ಕಾರಣಗಳಿಂದ ಮೂರ್ಛೆ ರೋಗ ಬರುತ್ತದೆ. ಇವುಗಳಲ್ಲಿ ಒಂದು ಕಾರಣವನ್ನು ರೈತರೇ ಹಂದಿ ದೊಡ್ಡಿ, ಶೌಚಾಲಯ ಮತ್ತು ಕೈತೋಟದ ಹಂತದಲ್ಲಿ ತಡೆಯಬಹುದು. ಅದೇ ಹಂದಿ ಲಾಡಿಹುಳುವಿನ ಮರಿಗಳು ಮಿದುಳು ಸೇರುವುದರಿಂದ ಬರುವ ನ್ಯೂರೋಸಿಸ್ಟಿಸರ್ಕೋಸಿಸ್.

ಸಮಸ್ಯೆಯ ಪ್ರಮಾಣ

ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ, ಮೂರ್ಛೆ ರೋಗವು ನಗರದಲ್ಲಿ ಸಾವಿರಕ್ಕೆ 5.7 ಜನರಲ್ಲಿದ್ದರೆ ಗ್ರಾಮಗಳಲ್ಲಿ 11.9 ಜನರಲ್ಲಿ ಕಂಡುಬಂದಿತು. ನೆರೆಯ ತಮಿಳುನಾಡಿನ ವೆಲ್ಲೂರು ಜಿಲ್ಲೆಯ ಅಧ್ಯಯನವು (2006) ಮೂರ್ಛೆ ರೋಗಿಗಳ ಪೈಕಿ ಸುಮಾರು ಮೂರನೇ ಒಂದು ಭಾಗದಷ್ಟು ಜನರಲ್ಲಿ ಈ ಲಾಡಿಹುಳುವೇ ಕಾರಣವೆಂದು ತೋರಿಸಿದೆ.

ಹರಡುವ ಬಗೆ

ಸೋಂಕಿತ ಹಂದಿ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲದೊಂದಿಗೆ ಹೊರಬೀಳುತ್ತವೆ. ಬಯಲಿನಲ್ಲಿ ಮಲ ತಿನ್ನುವ ಹಂದಿಯ ಸ್ನಾಯುಗಳಲ್ಲಿ ಅವು ಗುಳ್ಳೆಗಳಾಗುತ್ತವೆ. ಅದೇ ಮೊಟ್ಟೆಗಳು ಕೊಳಕು ಕೈ, ನೀರು ಅಥವಾ ಹಸಿ ತರಕಾರಿಯ ಮೂಲಕ ಮನುಷ್ಯನ ಹೊಟ್ಟೆ ಸೇರಿದರೆ, ಮರಿಗಳು ರಕ್ತದ ಮೂಲಕ ಮಿದುಳು ತಲುಪಿ ಗುಳ್ಳೆ ಕಟ್ಟುತ್ತವೆ. ವರ್ಷಗಳ ನಂತರ ಗುಳ್ಳೆ ಸಾಯುವಾಗ ಸುತ್ತಲೂ ಊತವುಂಟಾಗಿ ಮೂರ್ಛೆ ಬರುತ್ತದೆ.

ಆದ್ದರಿಂದ ಹಂದಿ ಮಾಂಸ ಮುಟ್ಟದ ಸಸ್ಯಾಹಾರಿಗಳಿಗೂ ಈ ರೋಗ ತಗಲುತ್ತದೆ. ಹುಳುವಿರುವ ಒಬ್ಬ ವ್ಯಕ್ತಿ ಅಡುಗೆ ಮಾಡುತ್ತಿದ್ದರೆ ಮನೆಮಂದಿಗೆಲ್ಲ ಅಪಾಯ. ಇದು ಬಡತನಕ್ಕಿಂತಲೂ ಶೌಚಾಲಯದ ಕೊರತೆಯಿಂದ ಹರಡುವ ರೋಗ.

ಹತೋಟಿ ಕ್ರಮಗಳು

1. ಕಾರ್ಮಿಕರ ಲೈನ್ ಮನೆಗಳಿಗೆ ಮತ್ತು ದೂರದ ತೋಟದ ಭಾಗಗಳಿಗೆ ಶೌಚಾಲಯ, ನೀರು, ಸೋಪು ಒದಗಿಸಬೇಕು. ಮಲೆನಾಡಿನ ಮಳೆಯಲ್ಲಿ ಮಲ ಹಳ್ಳ ಸೇರದಂತೆ ಗುಂಡಿಯನ್ನು ಬಾವಿ, ತೊರೆಗಳಿಂದ ದೂರ, ಇಳಿಜಾರಿನ ಕೆಳಗೆ ನಿರ್ಮಿಸಬೇಕು.
2. ಎರಡು ಗುಂಡಿ ಶೌಚಾಲಯದಲ್ಲಿ ತುಂಬಿದ ಗುಂಡಿಯನ್ನು ಕನಿಷ್ಠ 2 ವರ್ಷ ಮುಚ್ಚಿಟ್ಟ ನಂತರವೇ ಗೊಬ್ಬರ ತೆಗೆಯಬೇಕು. ಹಸಿ ಮಲವನ್ನು ತರಕಾರಿಗೆ ಎಂದಿಗೂ ಬಳಸಬಾರದು.
3. ಹಂದಿಗಳನ್ನು ಬಿಡದೆ ದೊಡ್ಡಿಯಲ್ಲೇ ಸಾಕಬೇಕು. ಪಶುವೈದ್ಯರ ಸಲಹೆಯಂತೆ ಆಕ್ಸ್‌ಫೆಂಡಜೋಲ್ (ಪ್ರತಿ ಕಿ.ಗ್ರಾಂ ದೇಹತೂಕಕ್ಕೆ 30 ಮಿ.ಗ್ರಾಂ, ಒಂದು ಬಾರಿ) ನೀಡಿ, ಅವರು ಸೂಚಿಸಿದ ಅವಧಿ ಮುಗಿಯುವವರೆಗೆ ಮಾಂಸಕ್ಕೆ ಬಳಸಬಾರದು.
4. ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳಿರುವ ಮಾಂಸವನ್ನು ಮಾರಬಾರದು, ತಿನ್ನಬಾರದು. ಒಲೆಯ ಮೇಲೆ ಒಣಗಿಸಿದ ಮಾಂಸವನ್ನೂ ಒಳಗಿನ ಕೆಂಪು ಹೋಗುವಂತೆ ಪೂರ್ತಿ ಬೇಯಿಸಬೇಕು.
5. ಕೊತ್ತಂಬರಿ, ಸೌತೆ, ಕ್ಯಾರೆಟ್ ಮುಂತಾದ ಹಸಿಯಾಗಿ ತಿನ್ನುವ ತರಕಾರಿಯನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು.

ಮೂರ್ಛೆ ಬಂದಾಗ

ರೋಗಿಯನ್ನು ಒಂದು ಪಕ್ಕಕ್ಕೆ ಮಲಗಿಸಿ, ಕತ್ತಿ, ಬೆಂಕಿ, ಕಲ್ಲುಗಳಿಂದ ದೂರವಿಡಬೇಕು. ಬಾಯಿಗೆ ಏನನ್ನೂ ಹಾಕಬಾರದು. ಕೈಗೆ ಬೀಗದ ಕೈ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಪ್ರಯೋಜನವಿಲ್ಲ. 5 ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಮೊದಲ ಬಾರಿ ಮೂರ್ಛೆ ಬಂದವರು ಸಿ.ಟಿ. ಅಥವಾ ಎಂ.ಆರ್.ಐ. ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಮೂರ್ಛೆ ಇರುವವರು ತಾವಾಗಿಯೇ ಹುಳುವಿನ ಮಾತ್ರೆ ನುಂಗಬಾರದು. ಗುಳ್ಳೆಗಳು ಒಮ್ಮೆಲೇ ಸತ್ತರೆ ಮಿದುಳು ಊದಿ ಜೀವಕ್ಕೆ ಕುತ್ತಾಗಬಹುದು. ಮೂರ್ಛೆಯ ಮಾತ್ರೆಯನ್ನು ವೈದ್ಯರು ಹೇಳುವವರೆಗೆ ನಿಲ್ಲಿಸಬಾರದು.

ಇಂಥವರಿಗೆ ಏಣಿ ಹತ್ತುವ, ಮರಗಸಿ ಮಾಡುವ, ಕಳೆ ಕತ್ತರಿಸುವ ಯಂತ್ರ ನಡೆಸುವ, ಕೆರೆಯ ಬಳಿ ಒಂಟಿಯಾಗಿರುವ ಕೆಲಸ ಬೇಡ. ಆದರೆ ಕೆಲಸದಿಂದಲೇ ತೆಗೆಯುವುದು ಪರಿಹಾರವಲ್ಲ. ಕಣದ ಕೆಲಸ, ಹಣ್ಣು ಆರಿಸುವುದು, ನರ್ಸರಿ ಬುಟ್ಟಿ ತುಂಬುವುದು ಇವರಿಗೆ ಸೂಕ್ತ. ಕೆಲಸ ಹೋಗುವ ಭಯವಿಲ್ಲದಿದ್ದರೆ ಕಾರ್ಮಿಕರು ರೋಗವನ್ನು ಮುಚ್ಚಿಡುವುದಿಲ್ಲ. ವಿಸ್ತರಣಾ ಕಾರ್ಯಕರ್ತರು ಕಾಫಿ ಕೊಯ್ಲು ಆರಂಭವಾಗುವ ಮೊದಲೇ ತೋಟದ ಮಾಲೀಕರಿಗೆ ಹಾಗೂ ಕಾರ್ಮಿಕರಿಗೆ ಒಟ್ಟಿಗೆ ಈ ವಿಷಯ ತಿಳಿಸುವುದು ಸೂಕ್ತ.