ಮುದ್ದೆ ನುಂಗುವ ಮಗು ಮಾತ್ರೆಗೇಕೆ ಅಂಜಬೇಕು?

ಕುಣಿಗಲ್ ತಾಲ್ಲೂಕಿನ ಅಮೃತೂರು ಸೀಮೆಯಲ್ಲಿ ರಾಗಿಮುದ್ದೆಯನ್ನು ಅಗಿದು ತಿನ್ನುವವರನ್ನು ಕಂಡರೆ ಹಿರಿಯರಿಗೆ ನಗು ತಡೆಯದು. ಬೇಸಗೆಯ ರಜೆಗೆಂದು ಬೆಂಗಳೂರಿನಿಂದ ಅಜ್ಜಿಯ ಮನೆಗೆ ಬಂದಿಳಿಯುವ ಮೊಮ್ಮಕ್ಕಳಿಗೆ ಮೊದಲ ಪಾಠವೇ ಅದು. “ಅಗೀಬ್ಯಾಡ ಕಣ್ಮಗ, ಸಾರಲ್ಲಿ ಅದ್ದಿ ಹಂಗೇ ನುಂಗು” ಎಂದು ಅಜ್ಜಿ ತಾನೇ ಒಂದು ತುತ್ತು ಮುರಿದು, ಬೆರಳಿನಲ್ಲಿ ಉಂಡೆಗಟ್ಟಿ, ಬಸ್ಸಾರಿನಲ್ಲಿ ಹೊರಳಿಸಿ ತೋರಿಸುತ್ತಾಳೆ. ಮೊದಲ ದಿನ ಮಗು ಮುಖ ಕಿವುಚುತ್ತದೆ. ಹಲ್ಲಿಗೆ ಅಂಟಿತೆಂದು ದೂರುತ್ತದೆ. ನಾಲ್ಕು ದಿನ ಕಳೆಯುವುದರೊಳಗೆ ತುತ್ತು ತಾನಾಗಿಯೇ ಗಂಟಲಿನಲ್ಲಿ ಜಾರತೊಡಗುತ್ತದೆ.

ಅದೇ ಮಗುವಿಗೆ ಜ್ವರ ಬಂದು, ವೈದ್ಯರು ಅವರೆಕಾಳಿನಷ್ಟು ದೊಡ್ಡದೊಂದು ಮಾತ್ರೆಯನ್ನು ಬರೆದುಕೊಟ್ಟರೋ, ಮನೆಯೇ ರಣರಂಗವಾಗುತ್ತದೆ. ಲೋಟದ ನೀರೆಲ್ಲ ಹೊಟ್ಟೆಗಿಳಿದಿರುತ್ತದೆ; ಮಾತ್ರೆ ಮಾತ್ರ ನಾಲಗೆಯ ಮೇಲೆ ಕಹಿ ಸುರಿಸುತ್ತ ಕುಳಿತಿರುತ್ತದೆ. ತಾಯಿ ಗದರಿಸುವುದು, ತಂದೆ ಚಾಕೊಲೇಟಿನ ಆಸೆ ತೋರಿಸುವುದು, ಕೊನೆಗೆ ಎಲ್ಲವೂ ವಾಂತಿಯಾಗಿ ಹೊರಬರುವುದು, ಇದು ಯಾವ ಮನೆಗೆ ಹೊಸದು? ಆ ಮಾತ್ರೆಗಿಂತ ಎಷ್ಟೋ ಪಾಲು ದೊಡ್ಡದಾದ ಮುದ್ದೆಯ ತುತ್ತನ್ನು ಮಧ್ಯಾಹ್ನವಷ್ಟೇ ಲೀಲಾಜಾಲವಾಗಿ ನುಂಗಿದ ಗಂಟಲು ಅದು ಎಂಬುದು ಆ ಗಲಾಟೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಗಂಟಲು ಚಿಕ್ಕದೆಂಬುದು ಇಲ್ಲಿ ಕಾರಣವಲ್ಲ. ಮುದ್ದೆಯ ತುತ್ತು ಮೃದು. ಸಾರಿನ ಜಾರು ಅದಕ್ಕಿದೆ. ನಾಲಗೆ ಅದನ್ನು ಇಡಿಯಾಗಿ ಹಿಂದಕ್ಕೆ ತಳ್ಳುತ್ತದೆ. ಮಾತ್ರೆಯಾದರೋ ಗಟ್ಟಿ. ಗಟ್ಟಿ ಪದಾರ್ಥವನ್ನು ಹಲ್ಲಿನ ಕಡೆಗೆ ನೂಕುವುದು ನಾಲಗೆಯ ಹುಟ್ಟುಗುಣ. ನೀರು ತನ್ನ ದಾರಿ ಹಿಡಿದು ಇಳಿದುಹೋಗುತ್ತದೆ, ಮಾತ್ರೆ ಹಿಂದುಳಿಯುತ್ತದೆ. ಅದರ ಮೇಲೆ ಭಯ ಸೇರಿತೆಂದರೆ ಗಂಟಲಿನ ಸ್ನಾಯುಗಳು ಬಿಗಿಯುತ್ತವೆ. ಹೀಗಿರುವಾಗ ಮಗುವನ್ನು ಹಠಮಾರಿಯೆಂದು ಬೈಯುವುದು ನ್ಯಾಯವಲ್ಲ.

ಪುಡಿ ಮಾಡಿ ಜೇನುತುಪ್ಪದಲ್ಲಿ ಕಲಸಿಕೊಟ್ಟರಾಯಿತಲ್ಲ ಎಂದು ಗೃಹಿಣಿಯರು ಕೇಳಬಹುದು. ಕೆಲವು ಮಾತ್ರೆಗಳಿಗೆ ಅದು ಸರಿಯೇ. ಕ್ಷಯರೋಗದ ಮಕ್ಕಳಿಗೆಂದು ನೀರಿನಲ್ಲಿ ಕರಗುವ ಮಾತ್ರೆಗಳೇ ಬಂದಿವೆ. ಆದರೆ ಎಲ್ಲ ಮಾತ್ರೆಗಳೂ ಹಾಗಲ್ಲ. ಮೂರ್ಛೆರೋಗಕ್ಕೆ ಕೊಡುವ ಕೆಲವು ವಾಲ್‌ಪ್ರೊಯೇಟ್ ಮಾತ್ರೆಗಳು ಔಷಧವನ್ನು ಗಂಟೆಗಟ್ಟಲೆ ನಿಧಾನವಾಗಿ ಬಿಟ್ಟುಕೊಡುವಂತೆ ರಚಿತವಾದವು. ಅವನ್ನು ಕುಟ್ಟಿದರೆ ದಿನಕ್ಕೆಂದು ಇದ್ದದ್ದು ಒಮ್ಮೆಲೇ ರಕ್ತಕ್ಕಿಳಿಯುತ್ತದೆ. ಇನ್ನು ಕೆಲವಕ್ಕೆ ಜಠರದ ಆಮ್ಲದಿಂದ ಕಾಪಾಡುವ ಹೊದಿಕೆಯಿರುತ್ತದೆ. ಪುಡಿಯಾದರೆ ಆ ಕವಚ ಹೋಯಿತು. ಇಂಥ ಔಷಧವನ್ನು ವರ್ಷಗಟ್ಟಲೆ ಸೇವಿಸಬೇಕಾದ ಮಗುವಿಗೆ ಮಾತ್ರೆ ನುಂಗುವುದು ಬರಲೇಬೇಕು. ಪುಡಿ ಮಾಡುವ ಮೊದಲು ವೈದ್ಯರನ್ನೋ ಔಷಧದಂಗಡಿಯವರನ್ನೋ ಒಂದು ಮಾತು ಕೇಳುವುದು ಲೇಸು.

ಶಾಲೆಯಲ್ಲಿಯೂ ಈ ವಿದ್ಯೆಯ ಅಗತ್ಯ ಬೀಳುತ್ತದೆ. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಯೋಜನೆಯ ಪ್ರಕಾರ 5ರಿಂದ 9 ವರ್ಷದವರಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ, 10ರಿಂದ 19 ವರ್ಷದವರಿಗೆ ನೀಲಿ ಬಣ್ಣದ್ದು. ಗುಲಾಬಿಯದರಲ್ಲಿ 45 ಮಿಲಿಗ್ರಾಂ, ನೀಲಿಯದರಲ್ಲಿ 60 ಮಿಲಿಗ್ರಾಂ ಕಬ್ಬಿಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಹುಡುಗಿಯೊಬ್ಬಳು ನೀಲಿ ಮಾತ್ರೆಯನ್ನು ಕೆನ್ನೆಯೊಳಗೆ ಅಡಗಿಸಿ ಆಮೇಲೆ ಬೇಲಿಯಾಚೆ ಉಗುಳಿದರೆ ಹೋಗುವುದೇನೆಂಬುದು ಇದರಿಂದ ತಿಳಿಯುತ್ತದೆ. ಅದನ್ನು ಅಗಿದರೆ ಬಾಯೆಲ್ಲ ತುಕ್ಕಿನ ರುಚಿ. ಬರಿಹೊಟ್ಟೆಗೆ ನುಂಗಿದರೆ ತೊಳಸು. ಊಟವಾದ ಮೇಲೆ ನುಂಗಬೇಕು, ಜೊತೆಗೆ ಕಾಫಿ, ಚಹಾ, ಹಾಲು ಕೂಡದು. ಮರುದಿನ ಮಲ ಕಪ್ಪಗಾದರೆ ತಾಯಂದಿರು ಗಾಬರಿಯಾಗಬೇಕಾಗಿಲ್ಲ.

ತಮಾಷೆಯೆಂದರೆ, ಅದೇ ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವ ದಿನ ಅಪ್ಪಣೆ ತಲೆಕೆಳಗಾಗುತ್ತದೆ. 2015ರಿಂದ ನಡೆದುಬಂದಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ಚೆನ್ನಾಗಿ ಅಗಿದೇ ತಿನ್ನಬೇಕು. ಒಂದನ್ನು ಅಗಿಯಬೇಡ, ಇನ್ನೊಂದನ್ನು ನುಂಗಬೇಡ ಎಂದರೆ ಪಾಪ, ಮಗುವಿಗೆ ಗೊಂದಲವಾಗದಿದ್ದೀತೆ? ತೀರ ಎಳೆಯ ಕೂಸುಗಳಿಗಂತೂ ಇಡೀ ಮಾತ್ರೆ ಅಪಾಯ. 2007ರಲ್ಲಿ ಇಥಿಯೋಪಿಯಾದಲ್ಲಿ ಇಂಥದೇ ಕಾರ್ಯಕ್ರಮದಲ್ಲಿ ಮೂರು ವರ್ಷದೊಳಗಿನ ನಾಲ್ವರು ಮಕ್ಕಳು ಮಾತ್ರೆ ಉಸಿರುನಾಳಕ್ಕೆ ಸಿಕ್ಕಿ ತೀರಿಕೊಂಡರು. ಆದುದರಿಂದಲೇ ಸಣ್ಣವರಿಗೆ ಅದನ್ನು ಪುಡಿ ಮಾಡಿ ನೀರಿನಲ್ಲಿ ಕದಡಿ ಕೊಡುವುದು.

ಹಾಗಾದರೆ ಕಲಿಸುವುದೆಂತು? ಮೊದಲನೆಯದಾಗಿ, ಕಾಯಿಲೆಯ ದಿನ ಕಲಿಸಹೊರಡಬಾರದು. ಈಜು ಕಲಿಸುವವರು ಕೆರೆ ಕೋಡಿ ಬಿದ್ದ ದಿನ ಮಗುವನ್ನು ನೀರಿಗೆ ಇಳಿಸುತ್ತಾರೆಯೆ? ಐದಾರು ವರ್ಷ ತುಂಬಿದ ಮಗು ಆರೋಗ್ಯವಾಗಿ, ನಗುನಗುತ್ತ ಇರುವ ಹೊತ್ತೇ ಇದಕ್ಕೆ ಸಕಾಲ. ಬೇಯಿಸಿದ ಸಬ್ಬಕ್ಕಿಯ ಒಂದೇ ಒಂದು ಕಾಳಿನಿಂದ ಆರಂಭಿಸಬಹುದು. ಅದು ಸಲೀಸಾದ ಮೇಲೆ ಅಂಗಡಿಯ ಜೀರಿಗೆ ಪೆಪ್ಪರಮೆಂಟು, ಅನಂತರ ಅದಕ್ಕಿಂತ ತುಸು ದಪ್ಪನೆಯ ಸಕ್ಕರೆ ಮಿಠಾಯಿ, ಹೀಗೆ ಗಾತ್ರ ಏರುತ್ತ ಹೋಗಲಿ. ಗಂಟಲಿನಲ್ಲಿ ತಡೆದರೂ ಇವು ಕರಗಿಹೋಗುತ್ತವೆ. ಕಡಲೆಕಾಯಿ ಬೀಜ, ಹುರಿಗಡಲೆ, ಮಣಿ ಇವುಗಳನ್ನು ಮಾತ್ರ ಮರೆತೂ ಉಪಯೋಗಿಸಕೂಡದು. ಉಸಿರುನಾಳಕ್ಕೆ ಬಿದ್ದರೆ ಅವು ಕರಗುವುದಿಲ್ಲ.

ಮಗು ಬೆನ್ನು ನೆಟ್ಟಗೆ ಮಾಡಿ ಕುಳಿತಿರಬೇಕು. ಮೊದಲೊಂದು ಗುಟುಕು ನೀರಿನಿಂದ ಬಾಯಿ ಒದ್ದೆಯಾಗಲಿ. ಕಾಳನ್ನು ನಾಲಗೆಯ ನಡುವೆ ಇಟ್ಟು, ಇನ್ನೊಂದು ದೊಡ್ಡ ಗುಟುಕನ್ನು ಕುಡಿದು ಒಮ್ಮೆಗೇ ನುಂಗಬೇಕು. ತಲೆಯನ್ನು ಆಕಾಶಕ್ಕೆತ್ತುವುದು ನಮ್ಮಲ್ಲಿ ರೂಢಿ. ಅದರಿಂದ ನುಂಗುವುದು ಸುಲಭವಾಗುವ ಬದಲು ಕಷ್ಟವೇ ಆಗುತ್ತದೆ. ಎರಡು ಮೂರು ಪ್ರಯತ್ನ ಸೋತರೆ ಅಂದಿನ ಆಟ ಅಷ್ಟಕ್ಕೇ ನಿಲ್ಲಲಿ. ಹತ್ತು ನಿಮಿಷಕ್ಕಿಂತ ಹೆಚ್ಚು ಎಳೆದಾಡಿದರೆ ಆಟ ಶಿಕ್ಷೆಯಾಗುತ್ತದೆ. ನೀರಿನಲ್ಲಿ ಆಗದವರಿಗೆ ಮುದ್ದೆಯ ಉಪಾಯವೇ ಸರಿ: ನುಣ್ಣಗೆ ಕಿವುಚಿದ ಬಾಳೆಹಣ್ಣಿನ ಒಂದು ಚಮಚದಲ್ಲಿ ಮಾತ್ರೆಯನ್ನಿಟ್ಟು, ಅಗಿಯದೆ ನುಂಗಲು ಹೇಳುವುದು. ಒಳಗೆ ಮಾತ್ರೆಯಿದೆಯೆಂಬುದನ್ನು ಮಗುವಿಗೆ ತಿಳಿಸಿಯೇ ಕೊಡಬೇಕು. ಮುಚ್ಚಿಟ್ಟು ಕೊಟ್ಟ ತಾಯಿಯ ಕೈಯ ಬಾಳೆಹಣ್ಣನ್ನು ಮಗು ಮತ್ತೆ ನಂಬುವುದಿಲ್ಲ. ಮಾತ್ರೆಯನ್ನು ಮಿಠಾಯಿಯೆಂದು ಕರೆಯುವುದೂ ತಪ್ಪು. ಅಜ್ಜಿಯ ರಕ್ತದೊತ್ತಡದ ಡಬ್ಬಿ ಕೈಗೆ ಸಿಕ್ಕ ದಿನ ಆ ಮಾತಿನ ಫಲ ಕಾಣುತ್ತದೆ.

ಇನ್ನು ಬಲಾತ್ಕಾರ. ಹರಳೆಣ್ಣೆಯ ಕಾಲದಲ್ಲಿ ಮೂಗು ಹಿಡಿದು, ಕಾಲು ಅದುಮಿ ಬಾಯಿಗೆ ಸುರಿಯುತ್ತಿದ್ದ ಪದ್ಧತಿಯನ್ನು ಅನೇಕ ಹಿರಿಯರು ಇಂದಿಗೂ ಅಭಿಮಾನದಿಂದ ವರ್ಣಿಸುವುದುಂಟು. ಎತ್ತಿಗೆ ಗೊಟ್ಟದಲ್ಲಿ ಔಷಧ ಹುಯ್ಯುವುದು ಬೇರೆ, ಮಗುವಿಗೆ ಕೊಡುವುದು ಬೇರೆ. ಅಳುವ ಮಗು ಬಾಯಿ ತೆರೆದು ಉಸಿರೆಳೆಯುತ್ತದೆ. ಆ ಉಸಿರಿನೊಡನೆ ಮಾತ್ರೆ ಶ್ವಾಸನಾಳ ಸೇರಬಹುದು. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮಲೂ ಆಗದೆ, ಸ್ವರ ಹೊರಡದೆ ಒದ್ದಾಡಿದರೆ ಮುಂದಕ್ಕೆ ಬಾಗಿಸಿ ಭುಜಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ಹೊಡೆಯಬೇಕು; ಜಗ್ಗದಿದ್ದರೆ, ಒಂದು ವರ್ಷ ದಾಟಿದ ಮಗುವಾದರೆ, ಹಿಂದೆ ನಿಂತು ಹೊಕ್ಕುಳಿನ ಮೇಲ್ಭಾಗವನ್ನು ಐದು ಬಾರಿ ಒಳಕ್ಕೂ ಮೇಲಕ್ಕೂ ಒತ್ತಬೇಕು. ಜೊತೆಯಲ್ಲಿರುವವರು 108ಕ್ಕೆ ಕರೆಮಾಡಲಿ.

ನುಂಗಲಾರದ ಕಷ್ಟ ಮಕ್ಕಳಿಗೆ ಮಾತ್ರವೇ ಮೀಸಲಲ್ಲ. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪರೀಕ್ಷೆ ನಡೆದದ್ದು ವಯಸ್ಕರ ಮೇಲೆಯೇ. ಕ್ಯಾಪ್ಸೂಲು ನೀರಿಗಿಂತ ಹಗುರ, ಬಾಯೊಳಗೆ ತೇಲುತ್ತದೆ. ಗದ್ದವನ್ನು ಎದೆಯ ಕಡೆಗೆ ಬಾಗಿಸಿದರೆ ಅದು ತಾನಾಗಿ ಗಂಟಲಿನತ್ತ ಏರುತ್ತದೆಂದು ಅವರು ತೋರಿಸಿಕೊಟ್ಟರು. ರಜೆಯ ಕೊನೆಯ ವಾರ, ರಾತ್ರಿಯ ಊಟವಾದ ಮೇಲೆ, ಜಗಲಿಯಲ್ಲಿ ಕುಳಿತ ಅಜ್ಜಿ ತನ್ನ ಕ್ಯಾಪ್ಸೂಲನ್ನು ಬಾಯಿಗೆ ಹಾಕಿಕೊಂಡು ತಾರಸಿ ನೋಡುವಾಗ, ಪಕ್ಕದಲ್ಲಿರುವ ಮೊಮ್ಮಗ ಸುಮ್ಮನಿರಲಾರ.

“ತಲೆ ಮೇಲಕ್ಕೆ ಎತ್ಬೇಡ ಅಜ್ಜಿ, ಬಗ್ಗಿಸು. ಹಂಗೇ ನುಂಗು!”